ಬೇಸಿಗೆಯ ಅತಿಥಿಗಳಿಗೆ ಕೆಂಡದ ಮೇಲೆ ಸುಟ್ಟ ತರಕಾರಿ ಮತ್ತು ಪನೀರು

ಮನೆಗೆ ನೆಂಟರು ಬರುವ ಕಾಲವೂ ಅಡಿಗೆಮನೆಯಲ್ಲಿ ನಿಲ್ಲಲಾಗದ ಕಾಲವೂ ಒಂದೇ ಆಗಿರುವುದು ನಮ್ಮ ಗೃಹಿಣಿಯರ ಪಾಲಿಗೆ ಬಂದ ಕಷ್ಟ. ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗಳಿಗೆ ರಜೆ. ಮದುವೆಗಳ ಕಾಲವೂ ಅದೇ. ಸಂಜೆ ಐದು ಗಂಟೆಗೆ ಬಂದವರಿಗೆ ಬೋಂಡ, ಬಜ್ಜಿ, ಪಕೋಡಗಳನ್ನು ಮಾಡಿಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ಅವು ಬಿಸಿಯಾಗಿದ್ದಾಗ ಮಾತ್ರ ರುಚಿ. ಆದುದರಿಂದ ಅತಿಥಿಗಳು ಪಡಸಾಲೆಯಲ್ಲಿ ಕುಳಿತಿರುವಷ್ಟು ಹೊತ್ತೂ ಮನೆಯಾಕೆ ಕುದಿಯುವ ಎಣ್ಣೆಯ ಬಾಣಲೆಯ ಮುಂದೆ ನಿಂತಿರಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗ ಈ ಸಂಗತಿಯನ್ನು ನಗುತ್ತಲೇ ಹೇಳುವರು. ಆದರೆ ಇದು ನಗುವ ಮಾತಲ್ಲ. ಹತ್ತು ವರ್ಷ ಓದಿ, ವಾದಿಸಿ, ನಾಲ್ಕು ಜನರೆದುರು ಧೈರ್ಯವಾಗಿ ಮಾತನಾಡಲು ಕಲಿತ ಹೆಣ್ಣುಮಗಳು ತನ್ನ ಮನೆಯಲ್ಲಿಯೇ ನಡೆಯುವ ಸಂಭಾಷಣೆಯನ್ನು ಗೋಡೆಯ ಆಚೆಯಿಂದ ಕೇಳಿಸಿಕೊಳ್ಳುವಂತಾದರೆ, ಅದಕ್ಕೆ ಆಕೆಯ ನಾಚಿಕೆಯಾಗಲಿ ಅತಿಥಿಗಳ ಉಪೇಕ್ಷೆಯಾಗಲಿ ಕಾರಣವಲ್ಲ. ತಟ್ಟೆಯಲ್ಲಿ ಏನನ್ನು ಇಡಬೇಕೆಂದು ಆರಿಸಿಕೊಂಡೆವೋ ಅದೇ ಕಾರಣ. ಮೊದಲೇ ಸಿದ್ಧಮಾಡಿಟ್ಟು, ಎಲ್ಲರೂ ಕುಳಿತಿರುವ ಅಂಗಳದಲ್ಲಿಯೇ ಸ್ವಲ್ಪ ಹೊತ್ತಿನಲ್ಲಿ ಮುಗಿಸಬಹುದಾದ ಲಘು ತಿನಿಸೊಂದನ್ನು ಈ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇನೆ.

ಕೆಂಡದ ಮೇಲೆ ಸುಡುವುದೆಂದರೆ ಹೊರದೇಶದ ವಿದ್ಯೆಯೆಂದು ಕೆಲವರು ಭಾವಿಸುವುದುಂಟು. ಬದನೆಕಾಯಿಯನ್ನು ಸುಟ್ಟು ಗೊಜ್ಜು ಮಾಡದ ಊರು ನಮ್ಮ ನಾಡಿನಲ್ಲಿ ಎಲ್ಲಿದೆ? ಗೆಣಸು, ಮುಸುಕಿನ ಜೋಳದ ತೆನೆ, ಹಪ್ಪಳ, ಎಳೆಯ ಜೋಳದ ಸೀತನಿ, ಇವೆಲ್ಲವೂ ಕೆಂಡದ ಪ್ರಸಾದವೇ. ಹೊಸದೆಂದರೆ ತರಕಾರಿಯ ಜೊತೆಗೆ ಹಾಲಿನ ಗಟ್ಟಿಯನ್ನು ಸೇರಿಸುವುದು ಮಾತ್ರ.

ಈ ಹಾಲಿನ ಗಟ್ಟಿಯ ವಿಷಯದಲ್ಲಿ ಹೆಸರುಗಳ ಗೊಂದಲವಿದೆ. ಹಳೆಯ ಅನುವಾದಗಳಲ್ಲಿ ಚೀಸಿಗೆ ಗಿಣ್ಣು ಎಂಬ ಪದವನ್ನು ಬಳಸಿದ್ದುಂಟು. ಆದರೆ ನಮ್ಮ ಗಿಣ್ಣು ಬೇರೆ. ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿಟ್ಟರೆ, ಹುಳಿಯಿಲ್ಲದೆಯೂ ಹೆಪ್ಪಿಲ್ಲದೆಯೂ ಅದು ತಾನಾಗಿ ಗಟ್ಟಿಯಾಗುವುದು. ಕರುವನ್ನು ರೋಗದಿಂದ ಕಾಪಾಡುವ ಪ್ರೋಟೀನುಗಳು ಆ ಹಾಲಿನಲ್ಲಿ ವಿಶೇಷವಾಗಿರುವುದೂ, ಶಾಖ ತಗಲಿದೊಡನೆ ಅವು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುದೂ ಇದಕ್ಕೆ ಕಾರಣ. (ಕರು ಕುಡಿದು ಮಿಕ್ಕದ್ದನ್ನೇ ನಾವು ತೆಗೆದುಕೊಳ್ಳಬೇಕೆಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ.) ಚೀಸು ಹಾಲಿಗೆ ರೆನ್ನೆಟ್ ಎಂಬ ಕಿಣ್ವವನ್ನು ಹಾಕಿ ಮಾಡುವಂಥದು. ಪನೀರೋ, ಕಾದ ಹಾಲನ್ನು ನಿಂಬೆಯ ಹುಳಿಯಿಂದ ಒಡೆಸಿ ಹಿಂಡಿದ ಗಟ್ಟಿ.

ಈ ಭೇದವನ್ನು ತಿಳಿದವಳಿಗೆ ಕೆಂಡದ ಮೇಲೆ ಏನಾಗುವುದೆಂಬುದು ಮೊದಲೇ ತಿಳಿಯುವುದು. ಚೀಸಿನ ತುಂಡನ್ನು ಜಾಲರಿಯ ಮೇಲಿಟ್ಟರೆ ಕರಗಿ ಬೆಂಕಿಗೆ ಬೀಳುವುದು. ಪನೀರು ಕರಗುವುದೇ ಇಲ್ಲ. ಯಾಕೆ? ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನಿನ ಕಣಗಳನ್ನು ಕ್ಯಾಲ್ಸಿಯಂ ಮತ್ತು ರಂಜಕದ ಲವಣವು ಒಟ್ಟಿಗೆ ಹಿಡಿದಿಟ್ಟಿರುತ್ತದೆ. ರೆನ್ನೆಟ್ಟಿನಿಂದ ಮಾಡಿದ ಚೀಸಿನಲ್ಲಿ ಈ ಲವಣದ ಬಹುಭಾಗ ಉಳಿಯುವುದು; ಶಾಖ ಏರಿದಂತೆ ಕೊಬ್ಬು ಕರಗಿ, ಕೇಸೀನಿನ ಹಿಡಿತ ಸಡಿಲಗೊಂಡು, ಅದು ಹರಿಯತೊಡಗುವುದು. ನಿಂಬೆಯ ಹುಳಿಯಾದರೋ ಆ ಲವಣವನ್ನು ಕರಗಿಸಿ ನೀರಿನೊಡನೆ ಹೊರಗೆ ಕಳುಹಿಸಿಬಿಡುತ್ತದೆ. ಆಗ ಕೇಸೀನಿನ ಕಣಗಳು ಒಂದಕ್ಕೊಂದು ನೇರವಾಗಿ ಬಿಗಿದುಕೊಳ್ಳುತ್ತವೆ. ಹಾಲನ್ನು ಮೊದಲೇ ಚೆನ್ನಾಗಿ ಕಾಯಿಸಿರುವುದರಿಂದ ಇತರ ಪ್ರೋಟೀನುಗಳೂ ಅವಕ್ಕೆ ಅಂಟಿಕೊಂಡಿರುತ್ತವೆ. ಇಂಥ ಬಿಗಿಯಾದ ಕಟ್ಟಿಗೆ ಶಾಖ ಕೊಟ್ಟರೆ ಒಳಗಿನ ನೀರು ಹೊರಬಂದು ಅದು ಮತ್ತಷ್ಟು ಬಿಗಿಯಾಗುವುದೇ ಹೊರತು ಸಡಿಲವಾಗದು. ಹೆಚ್ಚು ಹೊತ್ತು ಸುಟ್ಟ ಪನೀರು ರಬ್ಬರಿನಂತಾಗುವುದೂ ಇದರಿಂದಲೇ.

ಸೈಪ್ರಸ್ ದ್ವೀಪದಲ್ಲಿ ಹಲೂಮಿ ಎಂಬ ಚೀಸೊಂದುಂಟು. ಅದು ರೆನ್ನೆಟ್ಟಿನಿಂದ ಮಾಡಿದ್ದಾದರೂ ಕೆಂಡದ ಮೇಲೆ ನಿಲ್ಲುವುದು. ಯಾಕೆಂದರೆ ಆ ಜನರು ಗಟ್ಟಿಯನ್ನು ತುಂಡುಮಾಡಿ, ಅದರದೇ ತಿಳಿನೀರಿನಲ್ಲಿ 90 ಡಿಗ್ರಿಗೆ ಮೇಲ್ಪಟ್ಟ ಶಾಖದಲ್ಲಿ ಮತ್ತೊಮ್ಮೆ ಬೇಯಿಸಿ, ಪುದೀನ ಎಲೆಯಿಟ್ಟು ಮಡಿಸುವರು. ಆ ಹೆಸರಿಗೆ 2021ರಲ್ಲಿ ಯೂರೋಪಿಯನ್ ಒಕ್ಕೂಟದ ರಕ್ಷಣೆಯೂ ದೊರೆತಿದೆ. ಅದು ನಮ್ಮ ದೊಡ್ಡ ಪಟ್ಟಣಗಳ ಕೆಲವು ಅಂಗಡಿಗಳಲ್ಲಿ ಸಿಕ್ಕುವುದಾದರೂ ಬೆಲೆ ಹೆಚ್ಚು. ಪುದೀನವನ್ನು ಮಾತ್ರ ಅವರಿಂದ ಎರವಲು ಪಡೆದು, ಮನೆಯ ಪನೀರಿನಲ್ಲಿ ತೃಪ್ತರಾಗೋಣ.

ಎಂಟು ಜನ ಅತಿಥಿಗಳಿಗೆ ಎರಡು ಲೀಟರ್ ಎಮ್ಮೆಯ ಹಾಲು ಸಾಕು. ಇದರಿಂದ ಸುಮಾರು 400 ಗ್ರಾಂ ಪನೀರು ದೊರೆಯುವುದು. ಹಸುವಿನ ಹಾಲಿನಲ್ಲಿ ಕಡಿಮೆ ದೊರೆಯುವುದಲ್ಲದೆ ಗಟ್ಟಿಯೂ ಮೆತ್ತಗಿರುವುದು. ಪೊಟ್ಟಣದ ಹಾಲನ್ನು ಕೊಳ್ಳುವವರು 6 ಶೇಕಡ ಕೊಬ್ಬುಳ್ಳ ಪೂರ್ಣಕೆನೆಯ ಹಾಲನ್ನು ಆರಿಸಿಕೊಳ್ಳಲಿ; ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಶೇಕಡ ಮಾತ್ರವಿರುವುದರಿಂದ ಪನೀರು ಒರಟಾಗುವುದು. ಹಾಲನ್ನು ತಳ ಹತ್ತದಂತೆ ಕೈಯಾಡಿಸುತ್ತ ಕುದಿ ಬರುವವರೆಗೆ ಕಾಯಿಸಿ, ಕೆಳಗಿಳಿಸಿ, ಐದಾರು ನಿಮಿಷ ಬಿಡಿರಿ. ಕುದಿಯುತ್ತಿರುವಾಗಲೇ ಹುಳಿ ಹಿಂಡುವ ಆತುರ ನಮ್ಮ ತರಗತಿಯ ಹುಡುಗಿಯರಲ್ಲಿ ಪ್ರತಿ ವರ್ಷವೂ ಕಾಣುವುದು; ಹಾಗೆ ಮಾಡಿದರೆ ಗಟ್ಟಿ ಮರಳು ಮರಳಾಗಿ ಬಿರುಸಾಗುವುದು. ಸುಮಾರು 70ರಿಂದ 75 ಡಿಗ್ರಿಯಷ್ಟು ಬಿಸಿಯಿರುವಾಗ, ನಾಲ್ಕು ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಮೆಲ್ಲಗೆ ಕಲಕಬೇಕು. ನೀರು ತಿಳಿಹಸಿರಾಗಿ ಬೇರ್ಪಟ್ಟೊಡನೆ ನಿಲ್ಲಿಸತಕ್ಕದ್ದು. ಹಾಲುಬಿಳುಪು ಉಳಿದಿದ್ದರೆ ಇನ್ನೊಂದು ಚಮಚ ರಸ ಬೇಕೆಂದು ಅರ್ಥ. ಒದ್ದೆಯ ತೆಳುಬಟ್ಟೆಯಲ್ಲಿ ಸೋಸಿ, ಹುಳಿ ಹೋಗುವಂತೆ ತಣ್ಣೀರು ಹೊಯ್ದು, ಗಂಟುಕಟ್ಟಿ, ಎರಡು ಸೇರಿನಷ್ಟು ಭಾರವನ್ನು ಅರ್ಧ ಗಂಟೆ ಹೇರಿಡಿರಿ. ಕೆಂಡಕ್ಕೆ ಬೇಕಾದ ಪನೀರು ಪಲ್ಯದ ಪನೀರಿಗಿಂತ ಸ್ವಲ್ಪ ಗಟ್ಟಿಯಾಗಿರಬೇಕು.

ಅಂಗಡಿಯ ಪನೀರನ್ನು ಕೊಳ್ಳುವವರು ಚೀಟಿಯನ್ನು ಓದದೆ ಕೊಳ್ಳಬಾರದು. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆಯಿಂದ ಮಾಡಿದ, ಅನಲಾಗ್ ಎಂದು ಕರೆಯುವ ಪದಾರ್ಥವೂ ಪನೀರಿನ ರೂಪದಲ್ಲಿಯೇ ಬರುವುದು. ಪಿಷ್ಟ ಬೆರೆತಿದೆಯೇ ಎಂದು ಸಂಶಯವಾದರೆ, ಚಿಕ್ಕ ತುಂಡೊಂದನ್ನು ನೀರಿನಲ್ಲಿ ಕುದಿಸಿ, ಆರಿದ ಮೇಲೆ ಎರಡು ತೊಟ್ಟು ಟಿಂಕ್ಚರ್ ಅಯೋಡಿನ್ ಹಾಕಿರಿ. ನೀಲಿಬಣ್ಣ ಬಂದರೆ ಪಿಷ್ಟವುಂಟು. ಈ ಪರೀಕ್ಷೆಯನ್ನು ನೀವೆಲ್ಲರೂ ಶಾಲೆಯ ಪ್ರಯೋಗಶಾಲೆಯಲ್ಲಿ ಆಲೂಗೆಡ್ಡೆಯ ಮೇಲೆ ಮಾಡಿ ನೋಡಿದವರೇ. ಪರೀಕ್ಷೆಯ ತುಂಡನ್ನು ಎಸೆದುಬಿಡಿ.

ಇನ್ನು ತರಕಾರಿ. ಬದನೆ, ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಗಟ್ಟಿ ಟೊಮೆಟೊ, ಇಷ್ಟು ಸಾಕು. ಮೆಣಸಿನಕಾಯಿಯೂ ಟೊಮೆಟೊವೂ ಅಮೆರಿಕಾ ಖಂಡದಿಂದ ಬಂದ ನೆಂಟರು. ಬದನೆಯಾದರೋ ನಮ್ಮ ಮನೆಯ ಮಗಳು. ಉಡುಪಿಯ ಕಡೆಯವರಿಗೆ ಮಟ್ಟುಗುಳ್ಳ ದೊರೆತರೆ ಅದಕ್ಕಿಂತ ಉತ್ತಮವಾದುದಿಲ್ಲ. ಬೇರೆ ಕಡೆಗಳಲ್ಲಿ ಬೀಜ ಬಲಿಯದ ದಪ್ಪ ಬದನೆಯನ್ನು ಆರಿಸಬೇಕು. ಹೀರೆ, ಸೋರೆಗಳು ನೀರು ಬಿಟ್ಟು ಕೆಂಡವನ್ನು ಆರಿಸುವುವು. ಸೀಮೆಬದನೆಯನ್ನು ಅರೆಬೇಯಿಸದೆ ಸುಟ್ಟರೆ ಹೊರಗೆ ಕರಿ, ಒಳಗೆ ಹಸಿ. ಬದನೆಯನ್ನು ಅರ್ಧ ಅಂಗುಲ ದಪ್ಪದ ಬಿಲ್ಲೆಗಳಾಗಿ ಕೊಯ್ದು, ಉಪ್ಪು ಸವರಿ, ಇಪ್ಪತ್ತು ನಿಮಿಷ ಬಿಟ್ಟು, ಮೇಲೆದ್ದ ನೀರನ್ನು ಬಟ್ಟೆಯಿಂದ ಒರಸತಕ್ಕದ್ದು. ಈ ಒರಸುವ ಕೆಲಸವನ್ನು ಅಲಕ್ಷ್ಯ ಮಾಡಬಾರದು. ನೀರು 100 ಡಿಗ್ರಿಗಿಂತ ಮೇಲೆ ಏರದು; ಹೊಂಬಣ್ಣವೂ ಸುಟ್ಟ ಪರಿಮಳವೂ ಸುಮಾರು 140 ಡಿಗ್ರಿಯಲ್ಲಿ ಹುಟ್ಟುವಂಥವು. ಮೇಲ್ಮೈ ಒದ್ದೆಯಾಗಿರುವ ತನಕ ತರಕಾರಿ ಬೇಯುವುದೇ ಹೊರತು ಸುಡುವುದಿಲ್ಲ.

ಪನೀರಿನ ಮೂರರಲ್ಲಿ ಎರಡು ಪಾಲನ್ನು ಹದಿನಾರು ತುಂಡು ಮಾಡಿ, ಉಳಿದುದನ್ನು ಪುಡಿಮಾಡಿಟ್ಟುಕೊಳ್ಳಿರಿ. ಒಂದು ಹಿಡಿ ಕೊತ್ತಂಬರಿ, ಅರ್ಧ ಹಿಡಿ ಪುದೀನ, ಎರಡು ಹಸಿಮೆಣಸಿನಕಾಯಿ, ಅಂಗುಲದಷ್ಟು ಶುಂಠಿ, ಉಪ್ಪು ಇವನ್ನು ನೀರು ಹಾಕದೆ ಅರೆದು, ಎರಡು ಚಮಚ ಎಣ್ಣೆ ಸೇರಿಸಿ, ಅರ್ಧವನ್ನು ತುಂಡುಗಳಿಗೆ ಸವರಿರಿ. ಮಿಕ್ಕ ಅರ್ಧವನ್ನು ಪುಡಿಮಾಡಿದ ಪನೀರಿಗೆ ಬೆರೆಸಿರಿ. ಬಿದಿರುಕಡ್ಡಿಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದೊಂದಕ್ಕೂ ಎರಡು ತುಂಡು ಪನೀರು, ನಡುವೆ ಮೆಣಸಿನಕಾಯಿ, ಈರುಳ್ಳಿ, ಟೊಮೆಟೊ ಹೋಳುಗಳನ್ನು ಪೋಣಿಸಿಡಿರಿ. ಇಷ್ಟನ್ನೆಲ್ಲ ಮಧ್ಯಾಹ್ನವೇ ಮುಗಿಸಿ, ಮುಚ್ಚಿ, ಶೀತಪೆಟ್ಟಿಗೆಯಲ್ಲಿಡಬಹುದು. ನಿಂಬೆರಸವನ್ನು ಮಾತ್ರ ಕೊನೆಗೆ ಹಿಂಡಬೇಕು.

ಬೆಂಕಿಯ ವಿಷಯದಲ್ಲಿ ತಾಯಂದಿರೂ ಹೆಣ್ಣುಮಕ್ಕಳೂ ಈ ಮಾತುಗಳನ್ನು ಗಮನವಿಟ್ಟು ಓದಬೇಕೆಂದು ಪ್ರಾರ್ಥಿಸುತ್ತೇನೆ. ಇದ್ದಲಿನ ಒಲೆಯನ್ನು ಬಾಗಿಲು ಮುಚ್ಚಿದ ಕೋಣೆಯೊಳಗೆ ಎಂದಿಗೂ ಇಡಕೂಡದು. ಮಳೆ ಬಂತೆಂದು, ಸೊಳ್ಳೆ ಬಂತೆಂದು ಉರಿಯುವ ಅಗ್ಗಿಷ್ಟಿಕೆಯನ್ನು ಒಳಗೆ ತಂದಿಟ್ಟು ಮಲಗಿದ ಕುಟುಂಬಗಳು ಬೆಳಿಗ್ಗೆ ಏಳದಿದ್ದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಇದ್ದಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಆಕ್ರಮಿಸಿ, ನಿದ್ದೆಯಲ್ಲಿರುವವರನ್ನು ಎಚ್ಚರಗೊಳಿಸದೆಯೇ ಕೊಲ್ಲುವುದು. ಹೊಗೆಯಿಲ್ಲವೆಂದರೆ ಅಪಾಯವಿಲ್ಲವೆಂದು ತಿಳಿಯುವುದು ತಪ್ಪು. ಅಂಗಳ ಅಥವಾ ತೆರೆದ ಮಾಳಿಗೆಯೇ ಇದಕ್ಕೆ ಸ್ಥಳ. ಸೀರೆಯ ಸೆರಗನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿ, ಆ ದಿನ ಹತ್ತಿಯ ಸೀರೆಯನ್ನೇ ಉಡಿರಿ. ನೈಲಾನ್ ಮೊದಲಾದ ಬಟ್ಟೆಗಳು ಬೆಂಕಿ ತಗಲಿದರೆ ಕರಗಿ ಮೈಗೆ ಅಂಟಿಕೊಳ್ಳುವುವು. ಸೀಮೆಎಣ್ಣೆ ಸುರಿದು ಹೊತ್ತಿಸಬೇಡಿರಿ. ಸತುವಿನ ಲೇಪವಿರುವ ಬೇಲಿಯ ಜಾಲರಿಯನ್ನು ಕತ್ತರಿಸಿ ಒಲೆಗೆ ಹೊದಿಸುವ ಮಿತವ್ಯಯವೂ ಬೇಡ. ಸತುವು 420 ಡಿಗ್ರಿಯ ಸಮೀಪದಲ್ಲಿ ಕರಗುವುದು, ಕೆಂಡದ ಶಾಖ ಅದಕ್ಕಿಂತ ಹೆಚ್ಚು. ಲೇಪವಿಲ್ಲದ ಕಬ್ಬಿಣ ಅಥವಾ ತುಕ್ಕುಹಿಡಿಯದ ಉಕ್ಕಿನ ಜಾಲರಿ ಇರಲಿ. ಅಂಗಳವಿಲ್ಲದ ಮನೆಯವರು ದಪ್ಪ ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿ ಅದರ ಮೇಲೆಯೇ ಮಾಡಬಹುದು. ಹೊಗೆಯ ಕಂಪು ಇಲ್ಲದಿದ್ದರೂ ರುಚಿಗೆ ಕೊರತೆಯಿಲ್ಲ.

ಇದ್ದಲಿನ ಮೇಲೆ ಬೂದಿಯ ತೆಳುಪದರ ಕವಿದಾಗ ಕೆಂಡ ಹದವಾಯಿತೆಂದು ತಿಳಿಯಬೇಕು. ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದು, ನಾಲ್ಕು ಎಣಿಸುವಷ್ಟರಲ್ಲಿ ಕೈ ಹಿಂತೆಗೆಯುವಂತಾದರೆ ಸರಿ. ಮೊದಲು ಎಣ್ಣೆ ಸವರಿದ ಬದನೆಯ ಬಿಲ್ಲೆಗಳನ್ನಿಟ್ಟು, ಒಂದೊಂದು ಮೈಯನ್ನು ನಾಲ್ಕೈದು ನಿಮಿಷ ಸುಟ್ಟು, ತೆಗೆದ ಕೂಡಲೇ ಮೇಲೆ ಪನೀರಿನ ಪುಡಿಯನ್ನು ಹರಡಿರಿ. ಆ ಬಳಿಕ ಕಡ್ಡಿಗಳು. ತಿರುಗಿಸುತ್ತ ಎಂಟು ನಿಮಿಷ ಮೀರದಂತೆ ಸುಡಬೇಕು. ತಿರುಗಿಸುವ ಕೆಲಸವನ್ನು ಅತಿಥಿಗಳಲ್ಲಿ ಯಾರಾದರೊಬ್ಬರು ತಾವಾಗಿಯೇ ವಹಿಸಿಕೊಳ್ಳುವುದನ್ನು ನೋಡಿದ್ದೇನೆ; ಗಂಡಸರು ಬಜ್ಜಿಯ ಬಾಣಲೆಯ ಬಳಿಗೆ ಬಾರದಿದ್ದರೂ ಕೆಂಡದ ಬಳಿಗೆ ಸಂತೋಷದಿಂದ ಬರುವರು! ಮಕ್ಕಳಿಗೆ ಕರಗಿದ ಚೀಸೇ ಬೇಕೆನಿಸಿದರೆ, ಟೊಮೆಟೊ ಬಿಲ್ಲೆಯ ಮೇಲೆ ತುರಿದ ಚೀಸನ್ನಿಟ್ಟು, ಬಾಳೆಲೆಯ ತುಂಡಿನ ಮೇಲೆ ಕೆಂಡಕ್ಕೆ ಹಿಡಿದು ಮುಚ್ಚಿದರೆ ಎಲೆ ಬಾಡುವಷ್ಟರಲ್ಲಿ ಸಿದ್ಧ. ಉತ್ತರ ಕರ್ನಾಟಕದವರು ಕಟಕಲು ಜೋಳದ ರೊಟ್ಟಿಯನ್ನು ಮುರಿದು, ಸುಟ್ಟ ಬದನೆಯನ್ನು ಅದರ ಮೇಲಿಟ್ಟು ಕೊಡುವುದು ಬಲು ಸೊಗಸು. ಜೊತೆಗೆ ನೀರುಮಜ್ಜಿಗೆಯೋ ಪಾನಕವೋ ಇದ್ದರೆ ಬೇರೇನೂ ಬೇಕಾಗದು.

ಹಾಲಿನ ಪದಾರ್ಥವು ಬೇಸಿಗೆಯಲ್ಲಿ ಬೇಗ ಕೆಡುವುದೆಂಬುದನ್ನು ಮರೆಯಕೂಡದು. ಆಹಾರವು 5ರಿಂದ 60 ಡಿಗ್ರಿಗಳ ನಡುವೆ ಇರುವಾಗ ರೋಗಾಣುಗಳು ವೇಗವಾಗಿ ವೃದ್ಧಿಯಾಗುತ್ತವೆ. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಮ್ಮ ಮೇ ತಿಂಗಳ ಸೆಕೆಯಲ್ಲಿ ಒಂದು ಗಂಟೆಯೆಂದು ಇಟ್ಟುಕೊಳ್ಳುವುದು ಕ್ಷೇಮ. ಕಡ್ಡಿಗಳನ್ನು ಒಮ್ಮೆಗೇ ಹೊರತರದೆ, ನಾಲ್ಕು ನಾಲ್ಕಾಗಿ ತರಬೇಕು. ಹಸಿಯ ಕಡ್ಡಿಗಳನ್ನಿಟ್ಟಿದ್ದ ತಟ್ಟೆಯಲ್ಲಿ ಸುಟ್ಟದ್ದನ್ನು ಇಡಬಾರದು. ಉಳಿದುದನ್ನು ನಾಳೆಗೆಂದು ಕಾದಿರಿಸುವ ಆಸೆಯೂ ಬೇಡ.

ಪನೀರು ಸೋಸಿದ ತಿಳಿನೀರನ್ನು ಚೆಲ್ಲಬೇಡಿರಿ. ಹಾಲಿನ ಸಕ್ಕರೆಯೂ, ನಿಂಬೆಯ ಹುಳಿಯು ಹೊರಗೆ ಕಳುಹಿಸಿದ ಕ್ಯಾಲ್ಸಿಯಮ್ಮೂ ಅದರಲ್ಲಿಯೇ ಇರುವುವು. ಅದರಿಂದ ಚಪಾತಿಯ ಹಿಟ್ಟನ್ನು ಕಲಸಿದರೆ ಮೃದುವಾಗುವುದು. ಬೇಳೆ ಬೆಂದ ಮೇಲೆ ಸಾರಿಗೂ ಸೇರಿಸಬಹುದು. ಅತಿಥಿಗಳು ಹೊರಟ ಮೇಲೆ ಕೆಂಡಕ್ಕೆ ನೀರು ಹೊಯ್ದು, ಕಲಕಿ, ಮತ್ತೊಮ್ಮೆ ಹೊಯ್ಯಿರಿ. ಮೇಲೆ ತಣ್ಣಗೆ ಕಾಣುವ ಬೂದಿಯೊಳಗೆ ಮರುದಿನದವರೆಗೂ ಬೆಂಕಿ ಉಳಿದಿರುವುದುಂಟು. ಬರಿಗಾಲಿನ ಮಕ್ಕಳು ಬೆಳಿಗ್ಗೆ ಮೊದಲು ಓಡುವುದೂ ಅಂಗಳಕ್ಕೇ.