ಪುಸ್ತಕದೊಳಗಿನ ದೀಪ ಮತ್ತು ಬೋಂಡಾ ಕಟ್ಟಿದ ಕಾಗದ

ಮಕ್ಕಳೇ, ಒಂದು ದೊಡ್ಡ ನಗರದ ರಸ್ತೆಯನ್ನು ಊಹಿಸಿಕೊಳ್ಳಿ. ಹಗಲೆಲ್ಲ ಅಲ್ಲಿ ಕಾರು, ಬಸ್ಸುಗಳ ಸದ್ದು. ಒಂದು ರಾತ್ರಿ ಮಾತ್ರ ಒಂದು ವಾಹನವೂ ಇಲ್ಲ. ಅವುಗಳ ಜಾಗದಲ್ಲಿ ಪುಸ್ತಕಗಳು! ಹತ್ತಿಪ್ಪತ್ತಲ್ಲ, ಹತ್ತು ಸಾವಿರ ಪುಸ್ತಕಗಳು ತೆರೆದುಕೊಂಡು ರಸ್ತೆಯ ತುಂಬ ಹರಡಿವೆ. ಅವುಗಳ ಹಾಳೆಗಳ ನಡುವಿನಿಂದ ಬೆಳಕು ಹೊರಸೂಸುತ್ತಿದೆ.

ಇದು ಕಥೆಯಲ್ಲ. 2016ರ ಅಕ್ಟೋಬರ್ ತಿಂಗಳ ಮೊದಲ ದಿನ ರಾತ್ರಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಜನ ಕಣ್ಣಾರೆ ಕಂಡ ದೃಶ್ಯ. ಇದನ್ನು ಮಾಡಿದವರು ಸ್ಪೇನ್ ದೇಶದ ಮ್ಯಾಡ್ರಿಡ್‌ನ ‘ಲೂಸ್‌ಇಂಟರಪ್ಟಸ್’ ಎಂಬ ಕಲಾವಿದರ ಗುಂಪು. ‘ಲೂಸ್’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಬೆಳಕು ಎಂದರ್ಥ. ದಾನವಾಗಿ ಬಂದ ಹಳೆಯ ಪುಸ್ತಕಗಳನ್ನೇ ಅವರು ಬಳಸಿದರು. ಕೊನೆಯಲ್ಲಿ ನೋಡಲು ಬಂದವರೇ ತಮಗೆ ಬೇಕಾದ ಪುಸ್ತಕಗಳನ್ನು ಮನೆಗೆ ಒಯ್ದರು. 2012ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದಲ್ಲೂ ಇವರು ಇಂಥದೇ ಪ್ರದರ್ಶನ ಮಾಡಿದ್ದರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2008ರಲ್ಲಿ ಬೇರೆ ಕಲಾವಿದರು ಪುಸ್ತಕದ ಅಂಗಡಿಯೊಂದರ ಪಕ್ಕದ ಬಯಲಿನಲ್ಲಿ ಹಾರುವ ಹಕ್ಕಿಗಳಂತೆ 23 ಪುಸ್ತಕಗಳನ್ನು ತೂಗುಹಾಕಿದರು. ಅವು ಕಾಗದದವಲ್ಲ, ಪ್ಲಾಸ್ಟಿಕ್‌ನವು. ಅವನ್ನು ಬೆಳಗಿಸಿದ್ದು ಸೌರಶಕ್ತಿಯಿಂದ.

ಮೂಡಿಗೆರೆ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನು ಟೊರಾಂಟೊದ ಚಿತ್ರ ತೋರಿಸಿದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಪುಸ್ತಕದ ಒಳಗೇ ಲೈಟ್ ಇಟ್ರೆ ಓದೋದು ಹ್ಯಾಗೆ?” ಎಂದು ಕೇಳಿದಳು. ಎಲ್ಲರೂ ನಕ್ಕರು. ಆದರೆ ನಗುವಂಥ ಪ್ರಶ್ನೆ ಅದಲ್ಲ. ಒಂದು ಹಾಳೆಯ ಹಿಂದೆ ಟಾರ್ಚ್ ಹಿಡಿದು ನೋಡಿ. ಮುಂದಿನ ಪುಟದ ಅಕ್ಷರ, ಹಿಂದಿನ ಪುಟದ ಅಕ್ಷರ ಎರಡೂ ಒಟ್ಟಿಗೆ ಕಂಡು ಓದಲು ಬಾರದಂತಾಗುತ್ತದೆ. ಹಾಗಾದರೆ ಕಾಗದ ಬೆಳಕನ್ನು ತಡೆಯುತ್ತದೆಯೇ, ಬಿಡುತ್ತದೆಯೇ? ಎರಡನ್ನೂ ಮಾಡುತ್ತದೆ. ಇಂಥ ವಸ್ತುವಿಗೆ ಅರೆಪಾರದರ್ಶಕ ಎನ್ನುತ್ತೇವೆ.

ಕಾಗದ ಸೆಲ್ಯುಲೋಸ್ ಎಂಬ ಸಸ್ಯನಾರುಗಳ ಹೆಣಿಗೆ. ಈ ನಾರುಗಳಿಗೆ ತಮ್ಮದೇ ಆದ ಬಣ್ಣವಿಲ್ಲ. ಆದರೂ ಕಾಗದ ಬೆಳ್ಳಗೆ ಕಾಣುತ್ತದೆ. ನಾರುಗಳ ನಡುವೆ ಗಾಳಿ ಇರುವುದೇ ಇದಕ್ಕೆ ಕಾರಣ. ಬೆಳಕು ಗಾಳಿಯಿಂದ ನಾರಿಗೆ, ನಾರಿನಿಂದ ಗಾಳಿಗೆ ದಾಟುವಾಗಲೆಲ್ಲ ಸ್ವಲ್ಪ ಬಾಗುತ್ತದೆ, ಸ್ವಲ್ಪ ಹಿಂದಿರುಗುತ್ತದೆ. ಹೀಗೆ ಸಾವಿರಾರು ಬಾರಿ ತಿರುಗಿ ತಿರುಗಿ ಎಲ್ಲ ದಿಕ್ಕಿಗೂ ಚದುರುತ್ತದೆ. ಕೊಟ್ಟಿಗೆಹಾರದ ಕಡೆ ಮಂಜು ಕವಿದಾಗ ಬಸ್ಸಿನ ದೀಪ ಚೂಪಾಗಿ ಕಾಣದೆ ದೊಡ್ಡ ಬಿಳಿ ಉಂಡೆಯಂತೆ ಕಾಣುವುದನ್ನು ನೀವು ನೋಡಿದ್ದೀರಲ್ಲವೇ? ಅಲ್ಲಿಯೂ ಒಂದೊಂದು ನೀರಿನ ಹನಿ ಪಾರದರ್ಶಕವೇ. ಹನಿಗಳು ಕೋಟಿಗಟ್ಟಲೆ ಸೇರಿದಾಗ ಮಂಜು ಬೆಳ್ಳಗಾಗುತ್ತದೆ. ಪುಸ್ತಕದೊಳಗಿನ ಚಿಕ್ಕ ದೀಪ ಇಡೀ ಪುಟವನ್ನೇ ಬೆಳಗಿಸುವುದೂ ಹೀಗೆಯೇ.

ಈಗ ಸಂತೆಯಲ್ಲಿ ಬೋಂಡಾ ಕಟ್ಟಿಕೊಟ್ಟ ಕಾಗದವನ್ನು ನೆನಪಿಸಿಕೊಳ್ಳಿ. ಎಣ್ಣೆ ತಾಗಿದಲ್ಲಿ ಕಾಗದದಾಚೆಗಿನ ಬೆಳಕು ಚೆನ್ನಾಗಿ ಕಾಣುತ್ತದೆ. ನಾರುಗಳ ನಡುವಿನ ಗಾಳಿಯ ಜಾಗಕ್ಕೆ ಎಣ್ಣೆ ಹೋಗಿ ಕೂತಿರುತ್ತದೆ. ಎಣ್ಣೆ ಮತ್ತು ನಾರು ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗಿಸುತ್ತವೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬೆಳಕು ಅಷ್ಟಾಗಿ ಚದುರದೆ ಸಾಗುತ್ತದೆ.

ಈ ಎಣ್ಣೆ ಕಲೆಯನ್ನೇ ಅಳತೆಯ ಉಪಕರಣವಾಗಿ ಬಳಸಿದ ವಿಜ್ಞಾನಿ ಜರ್ಮನಿಯ ರಾಬರ್ಟ್ ಬುನ್ಸನ್. ಪ್ರಯೋಗಾಲಯದ ಬುನ್ಸನ್ ದೀಪಕ್ಕೆ ಇವರದೇ ಹೆಸರು. ನೀವೂ ಮಾಡಿ ನೋಡಿ. ಒಂದು ಬಿಳಿ ಹಾಳೆಯ ನಡುವೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ. ಕತ್ತಲೆ ಕೋಣೆಯಲ್ಲಿ ಹಾಳೆಯನ್ನು ನೇರವಾಗಿ ನಿಲ್ಲಿಸಿ. ಹಾಳೆಯ ಒಂದು ಬದಿಯಲ್ಲಿ 20 ಸೆಂಟಿಮೀಟರ್ ದೂರದಲ್ಲಿ ಒಂದು ಮೇಣದಬತ್ತಿ ಹಚ್ಚಿಡಿ. ಇನ್ನೊಂದು ಬದಿಯಲ್ಲಿ ಅಂಥವೇ ನಾಲ್ಕು ಬತ್ತಿಗಳನ್ನು ಒತ್ತೊತ್ತಾಗಿ ಇಟ್ಟು ಮೆಲ್ಲನೆ ಹಿಂದೆ ಸರಿಸುತ್ತ ಹೋಗಿ. (ಬೆಂಕಿಯ ಕೆಲಸವಾದ್ದರಿಂದ ಶಿಕ್ಷಕರು ಜೊತೆಗಿರಲಿ.) ಒಂದು ದೂರದಲ್ಲಿ ಎಣ್ಣೆಯ ಕಲೆ ಬಹುಮಟ್ಟಿಗೆ ಮಾಯವಾಗುತ್ತದೆ. ಆಗ ಹಾಳೆಯ ಎರಡೂ ಬದಿಗೆ ಸಮನಾದ ಬೆಳಕು ಬೀಳುತ್ತಿದೆ ಎಂದರ್ಥ. ದೂರವನ್ನು ಅಳೆಯಿರಿ. ಅದು 40 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಗೋಡೆಯಿಂದಲೂ ಬೆಳಕು ಹಿಂದಿರುಗಿ ಬರುವುದರಿಂದ ಸ್ವಲ್ಪ ಹೆಚ್ಚುಕಡಿಮೆಯಾದೀತು.

ಅಂದರೆ ದೂರ ಎರಡು ಪಟ್ಟಾದರೆ ಅಷ್ಟೇ ಬೆಳಕಿಗೆ ನಾಲ್ಕು ಬತ್ತಿ ಬೇಕು. ಮೂರು ಪಟ್ಟಾದರೆ ಒಂಬತ್ತು ಬತ್ತಿ. ದೀಪದ ಬೆಳಕು ದೂರ ಹೋದಂತೆ ಉದ್ದಕ್ಕೂ ಅಗಲಕ್ಕೂ ಹರಡಿಕೊಳ್ಳುವುದರಿಂದ ಹೀಗಾಗುತ್ತದೆ. ಆಷಾಢದ ಗಾಳಿಗೆ ಮರ ಬಿದ್ದು ವಾರಗಟ್ಟಲೆ ಕರೆಂಟ್ ಇಲ್ಲದ ಕಳಸದ ಕಡೆಯ ಮಕ್ಕಳಿಗೆ ಈ ನಿಯಮ ತುಂಬ ಉಪಯೋಗದ್ದು. ದೊಡ್ಡ ದೀಪ ಸಿಗದಿದ್ದರೆ ಇರುವ ದೀಪವನ್ನೇ ಹತ್ತಿರ ತರಬಹುದು. ಮೇಣದಬತ್ತಿಯನ್ನಲ್ಲ, ಸೋಲಾರ್ ದೀಪವನ್ನು!

ಆ ಶಾಲೆಯ ಮಕ್ಕಳು “ನಾವೂ ಮಾಡೋಣ ಸರ್” ಎಂದು ಹಠ ಹಿಡಿದರು. ಡಿಸೆಂಬರ್ ತಿಂಗಳು. ಮನೆಮನೆಯಿಂದ ರದ್ದಿಗೆ ಹಾಕಲಿದ್ದ ಅರವತ್ತು ಪುಸ್ತಕಗಳು ಬಂದವು. ಒಂದೊಂದಕ್ಕೂ ಒಂದು ಬಿಳಿ ಎಲ್‌ಇಡಿ, ಒಂದು 3 ವೋಲ್ಟ್ ಬಟನ್ ಸೆಲ್. ಎಲ್‌ಇಡಿಯ ಉದ್ದ ಕಾಲು ಸೆಲ್ಲಿನ ಧನ ಬದಿಗೆ, ಗಿಡ್ಡ ಕಾಲು ಋಣ ಬದಿಗೆ. ಅಂಟುಪಟ್ಟಿ ಸುತ್ತಿದರೆ ದೀಪ ಸಿದ್ಧ. ಬಿಳಿ ಎಲ್‌ಇಡಿಯ ಒಳಗೆ ನಿಜವಾಗಿ ಹುಟ್ಟುವುದು ನೀಲಿ ಬೆಳಕು. ಅದರ ಮೇಲಿನ ಹಳದಿ ಲೇಪನ ಅದನ್ನು ಬಿಳಿಯಾಗಿಸುತ್ತದೆ. ಈ ನೀಲಿ ಎಲ್‌ಇಡಿಯನ್ನು ರೂಪಿಸಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಿಕ್ಕಿತು. ಸೆಲ್ಲಿನ ಮೇಲೆ 2032 ಎಂದು ಬರೆದಿರುತ್ತದೆ. ಅಡ್ಡಳತೆ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್ ಎಂದು ಅದರ ಅರ್ಥ.

ಎಚ್ಚರಿಕೆ: ಈ ಸೆಲ್ಲನ್ನು ಚಿಕ್ಕ ಮಕ್ಕಳು ನುಂಗಿದರೆ ಎರಡೇ ಗಂಟೆಯಲ್ಲಿ ಗಂಟಲ ಒಳಗೆ ಸುಟ್ಟ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮುಗಿದ ಸೆಲ್ಲನ್ನು ತೋಟಕ್ಕೋ ಹಳ್ಳಕ್ಕೋ ಎಸೆಯಬೇಡಿ. ನಮ್ಮ ಹಳ್ಳಗಳೇ ಮುಂದೆ ಹೇಮಾವತಿ, ಭದ್ರೆಗಳನ್ನು ಸೇರುತ್ತವೆ. ಇನ್ನೊಂದು ಮಾತು. ಮಳೆಗಾಲಕ್ಕೆ ಮುಂಚೆ ಮಿಂಚುಹುಳುಗಳು ತುಂಬಿರುವಾಗ ಹೊರಗೆ ಇಂಥ ದೀಪ ಹಚ್ಚುವುದು ಬೇಡ. ಅವು ಬೆಳಕಿನ ಸಂಕೇತದಿಂದಲೇ ಜೊತೆಗಾರರನ್ನು ಹುಡುಕುತ್ತವೆ.

ಸಂಜೆ ಆರೂವರೆಗೆ ಅರವತ್ತು ಪುಸ್ತಕಗಳು ಆಟದ ಬಯಲಿನಲ್ಲಿ ಬೆಳಗಿದವು. ಕಾಫಿ ಕೊಯ್ಲು ಮುಗಿಸಿ ಬಂದ ಅಪ್ಪ ಅಮ್ಮಂದಿರು ಸುತ್ತ ನಿಂತು ನೋಡಿದರು. ನಾನು ಮಾತ್ರ ಒಂದು ದೊಡ್ಡ ತಪ್ಪು ಮಾಡಿದ್ದೆ. ಡಿಸೆಂಬರಿನ ಇಬ್ಬನಿ ನನಗೆ ಮರೆತೇಹೋಗಿತ್ತು! ಎರಡು ಗಂಟೆಯೊಳಗೆ ಹಾಳೆಗಳು ಒದ್ದೆಯಾಗಿ ಅಲೆಅಲೆಯಾದವು. ಸೆಲ್ಯುಲೋಸ್ ನೀರನ್ನು ಹೀರಿ ಉಬ್ಬುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಮರುದಿನ ಹುಡುಗರು ಕೆಲವು ಪುಸ್ತಕಗಳನ್ನು ಕಾಫಿ ಒಣಹಾಕುವ ಕಣದಲ್ಲಿ ಬಿಸಿಲಿಗೆ ಹರಡಿದರು. ಅವು ಮುರುಟಿಕೊಂಡವು. ಹಾಳೆಗಳ ನಡುವೆ ಹಳೆಯ ಪತ್ರಿಕೆ ಇಟ್ಟು ನೆರಳಿನಲ್ಲಿ ಗಾಳಿಗೆ ಒಣಗಿಸಿ, ಮೇಲೆ ಭಾರ ಹೇರಿದವು ಮಾತ್ರ ಸರಿಯಾಗಿ ಉಳಿದವು. ನಿಮ್ಮ ಶಾಲೆಯಲ್ಲಿ ಮಾಡುವುದಾದರೆ ಜಗಲಿಯಲ್ಲೇ ಮಾಡಿ.

ಉಳಿದ ಪುಸ್ತಕಗಳನ್ನು ಟೊರಾಂಟೊದಲ್ಲಿ ಮಾಡಿದಂತೆ ಬೇಕಾದವರಿಗೆ ಕೊಟ್ಟೆವು. ಮೊದಲು ಪ್ರಶ್ನೆ ಕೇಳಿದ್ದ ಹುಡುಗಿ ರಕ್ಷಾಪುಟವಿಲ್ಲದ ಒಂದು ಕಥೆ ಪುಸ್ತಕ ಆರಿಸಿಕೊಂಡಳು. ಅವಳದು ಎಸ್ಟೇಟ್ ಲೈನ್ ಮನೆ. ಮುಂದಿನ ತಿಂಗಳು ನಾನು ಹೋದಾಗ, “ಸರ್, ಅದರ ಕೊನೇ ನಾಲ್ಕು ಪುಟಾನೇ ಇಲ್ಲ!” ಎಂದು ದೂರಿದಳು. ಪುಸ್ತಕದ ಹೆಸರು ಒಳಪುಟದಲ್ಲಿತ್ತು. ಅದನ್ನು ಬರೆದುಕೊಂಡು ಇಬ್ಬರೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋದೆವು. ಈಗ ಅದನ್ನು ‘ಅರಿವು ಕೇಂದ್ರ’ ಎನ್ನುತ್ತಾರೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಆ ಪುಸ್ತಕ ಅಲ್ಲಿರಲಿಲ್ಲ. ಗ್ರಂಥಪಾಲಕರು ಹೆಸರು ಬರೆದಿಟ್ಟುಕೊಂಡರು. ಅವಳು ಬೇರೆ ಎರಡು ಪುಸ್ತಕ ತೆಗೆದುಕೊಂಡಳು.

ದಾರಿಯಲ್ಲಿ ಅವಳು ಹೇಳಿದ್ದನ್ನು ನಿಮಗೆ ಲೆಕ್ಕವಾಗಿ ಕೊಡುತ್ತೇನೆ. ಅವರ ಮನೆಯ ಸೋಲಾರ್ ದೀಪ ತೊಲೆಗೆ ನೇತುಹಾಕಿದ್ದು, ಓದುವ ಪುಸ್ತಕದಿಂದ ಒಂಬತ್ತು ಗೇಣು ಮೇಲಿತ್ತು. ದಾರ ಕಟ್ಟಿ ಅದನ್ನು ಮೂರು ಗೇಣಿಗೆ ಇಳಿಸಿದಳು. ಪುಟದ ಮೇಲೆ ಬೀಳುವ ಬೆಳಕು ಎಷ್ಟು ಪಟ್ಟು ಹೆಚ್ಚಿತು? ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ.