ಕಲ್ಲು ಕೊರೆಯುವ ಮೊನೆಯ ಜವ

ಕ್ರಿ.ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯನ್ನು ಮರಳುಗಲ್ಲಿನಲ್ಲಿ ಕಡೆದ ಶಿಲ್ಪಿಗಳಿಗೆ ಕೈಯ ಅನುಭವವೇ ಉಳಿಯ ಹದವನ್ನು ತಿಳಿಸಿರಬೇಕು. ಇಳಕಲ್ಲಿನ ಗಡಸು ಕೆಂಪು ಗ್ರಾನೈಟಿನಲ್ಲಿ ಅಕ್ಷರ ಕೊರೆಯುವ ಗಣಕಚಾಲಿತ ಯಂತ್ರಕ್ಕಾದರೋ ಗಣಿತವೇ ಆಧಾರ.

ಅದರ ವಜ್ರಕಣಗಳುಳ್ಳ ಮೊನೆಯನ್ನು ಒಂದು ಮೋಟಾರು ಅಡ್ಡಲಾಗಿಯೂ ಇನ್ನೊಂದು ಉದ್ದಕ್ಕೂ ನಡೆಸುತ್ತವೆ. ಒಂದೊಂದರ ಜವವೂ ಸೆಕೆಂಡಿಗೆ 10 ಮಿ.ಮೀ. ಇರಲಿ. ಎರಡೂ ಕೂಡಿ ನಡೆದಾಗ ಓರೆಗೆರೆಯಲ್ಲಿ ಮೊನೆಯ ಜವ 10 ಅಲ್ಲ, 20ಊ ಅಲ್ಲ. ಪೈಥಾಗೊರಸನ ಪ್ರಮೇಯದಂತೆ ಸುಮಾರು 14.1. ಜವ ಹೀಗೆ ಏರಿದರೆ ಕಲ್ಲಿನ ಅಂಚು ಸಿಡಿಯಬಹುದು; ತೀರ ಇಳಿದರೆ ಮೊನೆಯು ಕೊರೆಯದೆ ಬರಿದೆ ಉಜ್ಜಿ ಮೊಂಡಾದೀತು.

ಆದುದರಿಂದ ಮೊದಲು ಮೊನೆಯ ಜವವನ್ನು ನಿಶ್ಚಯಿಸಿ, ಬಳಿಕ ಅದನ್ನು ಮೋಟಾರುಗಳಿಗೆ ಹಂಚಬೇಕು. ಅಡ್ಡ 30, ಉದ್ದ 40 ಮಿ.ಮೀ. ಸಾಗುವ ಓರೆಗೆರೆಯ ನೀಳ 50 ಮಿ.ಮೀ. ಮೊನೆಯ ಜವ 10 ಆಗಿರಲು ಹಿಡಿಯುವ ಕಾಲ 5 ಸೆಕೆಂಡು. ಮೋಟಾರುಗಳ ಜವ 6 ಮತ್ತು 8. ವಕ್ರರೇಖೆಯಲ್ಲಿ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಯಂತ್ರವು ಈ ಹಂಚಿಕೆಯನ್ನು ಸೆಕೆಂಡಿಗೆ ನೂರಾರು ಬಾರಿ ಮಾಡುತ್ತಿರಬೇಕಾಗುತ್ತದೆ.

ಚೂಪಾದ ಮೂಲೆಯಲ್ಲಿ ಮಾತ್ರ ಜಡತ್ವ ಅಡ್ಡಬರುತ್ತದೆ. ಥಟ್ಟನೆ ದಿಕ್ಕು ಬದಲಿಸಲು ಅಪಾರ ಬಲ ಬೇಕು. ಅಲ್ಲಿ ಜವ ತಗ್ಗಬೇಕು, ಇಲ್ಲವೆ ಮೂಲೆ ದುಂಡಗಾಗಬೇಕು. ಗಣಿತದ ಹಂಚಿಕೆಗೆ ನ್ಯೂಟನ್ನನ ನಿಯಮವೇ ಎಲ್ಲೆ.

ಅಡ್ಡ 50, ಉದ್ದ 120 ಮಿ.ಮೀ. ಸಾಗುವ ಗೆರೆಯಲ್ಲಿ ಮೊನೆಯ ಜವ 13 ಇರಬೇಕಾದರೆ ಮೋಟಾರುಗಳ ಜವವೆಷ್ಟು? ವಾಚಕರು ಲೆಕ್ಕಿಸಿ ನೋಡಲಿ.