ವೈರಸ್ಸಿನ ಪರೀಕ್ಷೆಯೂ ಊರ ದವಾಖಾನೆಯೂ

ಪರೀಕ್ಷೆಯೆಂಬ ಮಾತು ಕಿವಿಗೆ ಬಿದ್ದೊಡನೆ ವಿದ್ಯಾರ್ಥಿಗಳಾದ ನಮಗೆ ಹಾಲ್ ಟಿಕೆಟ್ಟು, ಪ್ರಶ್ನಪತ್ರಿಕೆ, ಫಲಿತಾಂಶಗಳು ನೆನಪಾಗುವುದು ಸಹಜ. ಆದರೆ 2020ನೆಯ ಇಸವಿಯಿಂದ ಈಚೆಗೆ ಆ ಮಾತಿಗೆ ಇನ್ನೊಂದು ಅರ್ಥವೂ ಮನೆಮನೆಗೆ ಬಂದು ಸೇರಿದೆ. ಮೂಗಿನಿಂದಲೂ ಗಂಟಲಿನಿಂದಲೂ ದ್ರವ ತೆಗೆದು ವೈರಸ್ಸನ್ನು ಹುಡುಕುವ ಆ ಪರೀಕ್ಷೆಯನ್ನು ಈಗ ಹಳ್ಳಿಯ ಮುದುಕರೂ ಬಲ್ಲರು. ನೆಗೆಟಿವ್ ಬಂದರೆ ಪಾಸು, ಪಾಸಿಟಿವ್ ಬಂದರೆ ಫೇಲು ಎಂಬಂತೆ ಜನ ಮಾತನಾಡುವುದುಂಟು. ಈ ತಿಳುವಳಿಕೆ ಎಷ್ಟರ ಮಟ್ಟಿಗೆ ಸರಿ, ಊರಿನ ಸಣ್ಣ ದವಾಖಾನೆಗೂ ದೂರದ ದೊಡ್ಡ ಪರೀಕ್ಷಾಲಯಕ್ಕೂ ಇರುವ ಸಂಬಂಧವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯ ನಮಗೆ ದೂರದ್ದಲ್ಲ. ಭಾರತದಲ್ಲಿ ಕೋವಿಡ್ ರೋಗದಿಂದಾದುದೆಂದು ದೃಢಪಟ್ಟ ಮೊದಲನೆಯ ಮರಣ ನಮ್ಮ ನೆರೆಯ ಕಲಬುರಗಿಯದು. ವಿದೇಶದಿಂದ ಮರಳಿದ್ದ ವೃದ್ಧರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಆ ರೋಗವಿದ್ದುದು ಖಚಿತವೆಂದು ಪ್ರಕಟವಾದದ್ದು ಮಾರ್ಚ್ 12ರಂದು. ಮಾದರಿಯನ್ನು ಬೆಂಗಳೂರಿಗೆ ಕಳಿಸಬೇಕಾಗಿತ್ತು. ಮನುಷ್ಯ ಹೋದ ಮೇಲೆ ಉತ್ತರ ಬಂದಿತು. ಕೆಲವು ವಾರಗಳಲ್ಲಿಯೇ ಕಲಬುರಗಿಯಲ್ಲಿ ಪರೀಕ್ಷಾಲಯ ಕೆಲಸ ಮಾಡತೊಡಗಿತೆಂಬುದು ಸಮಾಧಾನದ ಸಂಗತಿ. ಆದರೂ ಆ ಎರಡು ದಿನಗಳು ನಮಗೆ ಒಂದು ಪಾಠವನ್ನು ಹೇಳುತ್ತವೆ: ಪರೀಕ್ಷೆಯ ಬೆಲೆ ಅದು ಸತ್ಯವನ್ನು ಹೇಳುವುದರಲ್ಲಿ ಮಾತ್ರವಲ್ಲ, ಹೊತ್ತಿಗೆ ಸರಿಯಾಗಿ ಹೇಳುವುದರಲ್ಲಿಯೂ ಇದೆ.

ಮಾದರಿಗಳು ಹೀಗೆ ದೂರ ಪ್ರಯಾಣ ಮಾಡುವುದು ಹೊಸದೇನಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗರು ಜ್ವರದಿಂದ ಹಾಸಿಗೆ ಹಿಡಿದಾಗ, ಅದುವರೆಗೆ ಯಾರೂ ಅರಿಯದಿದ್ದ ಆ ವೈರಸ್ಸನ್ನು ಗುರುತಿಸಿದವರು ಪುಣೆಯ ವೈರಸ್ ಸಂಶೋಧನ ಕೇಂದ್ರದವರು. ಆ ಕೇಂದ್ರ 1952ರಲ್ಲಿ ಸ್ಥಾಪಿತವಾಗಿತ್ತು. ಮಂಗನ ಕಾಯಿಲೆಯೆಂದು ನಾವು ಕರೆಯುವ ರೋಗ ಅದೇ.

ಇನ್ನು ಪರೀಕ್ಷೆ ನಡೆಯುವ ಬಗೆಯನ್ನು ನೋಡೋಣ. ವೈರಸ್ಸು ಜೀವಕೋಶದ ಒಳಹೊಕ್ಕು ಅಲ್ಲಿ ಮಾತ್ರ ವೃದ್ಧಿಯಾಗುವಂಥದು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಕಾಣಿಸುವುದಿಲ್ಲ. ಆದುದರಿಂದ ಅದರ ಗುರುತುಗಳನ್ನು ಹುಡುಕಬೇಕು. ಆರ್‌ಟಿ-ಪಿಸಿಆರ್ ಎಂಬ ಪರೀಕ್ಷೆಯಲ್ಲಿ ಕೋವಿಡ್ ವೈರಸ್ಸಿನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ರೂಪಕ್ಕೆ ತಿರುಗಿಸಿ, ಅನಂತರ ಅದರ ಒಂದು ತುಣುಕನ್ನು ಮತ್ತೆ ಮತ್ತೆ ಇಮ್ಮಡಿಸುತ್ತಾರೆ. ಒಂದಿದ್ದದ್ದು 10 ಸುತ್ತುಗಳಲ್ಲಿ 1,024, 20 ಸುತ್ತುಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು, 30 ಸುತ್ತುಗಳಲ್ಲಿ ನೂರು ಕೋಟಿಗೂ ಹೆಚ್ಚು ಆಗುತ್ತದೆ. ಚದುರಂಗದ ಮನೆಗಳಲ್ಲಿ ಕಾಳನ್ನು ಇಮ್ಮಡಿಸುತ್ತ ಹೋದ ಕಥೆಯನ್ನು ಕೇಳಿದವರಿಗೆ ಈ ಲೆಕ್ಕ ಸುಲಭವಾಗಿ ತಿಳಿಯುತ್ತದೆ. ಕಣದಷ್ಟು ವೈರಸ್ಸೂ ಹೀಗೆ ಬಯಲಾಗುತ್ತದೆ. ಆದರೆ ಇದಕ್ಕೆ ಯಂತ್ರ ಬೇಕು, ತರಬೇತಾದ ಕೈ ಬೇಕು, ಕೆಲವು ಗಂಟೆಗಳ ಕಾಲ ಬೇಕು. ಮಾದರಿಯನ್ನು ತಂಪಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಸಾಗಿಸಬೇಕು.

ಎರಡನೆಯದು ಆಂಟಿಜೆನ್ ಪಟ್ಟಿ. ಇದು ವೈರಸ್ಸಿನ ಪ್ರೋಟೀನನ್ನು ಹಿಡಿದು ಗೆರೆ ಮೂಡಿಸುತ್ತದೆ. ಅರ್ಧ ಗಂಟೆಯೊಳಗೆ ಉತ್ತರ, ಯಂತ್ರ ಬೇಡ. 2020ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಪರಿಶೀಲಿಸಿದ ಪಟ್ಟಿಯು ಸೋಂಕಿದ್ದವರಲ್ಲಿ ನೂರಕ್ಕೆ 50.6ರಿಂದ 84ರಷ್ಟು ಮಂದಿಯನ್ನು ಮಾತ್ರ ಗುರುತಿಸಿತು. ಆದಕಾರಣ ಪಾಸಿಟಿವ್ ಬಂದರೆ ನಂಬಬೇಕು, ರೋಗಲಕ್ಷಣವಿದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಬೇಕು ಎಂದು ಮಂಡಳಿಯೇ ವಿಧಿಸಿತು. ನೆಗೆಟಿವ್ ಎಂದರೆ ‘ಇಲ್ಲ’ ಎಂದಲ್ಲ, ‘ಈ ಹೊತ್ತಿನಲ್ಲಿ, ಈ ಮಾದರಿಯಲ್ಲಿ ಕಾಣಲಿಲ್ಲ’ ಎಂದಷ್ಟೇ ಅರ್ಥ.

ಈ ‘ಹೊತ್ತು’ ಎಷ್ಟು ಮುಖ್ಯವೆಂಬುದು ಡೆಂಗೀ ಜ್ವರದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಜ್ವರ ಹುಟ್ಟಿದ ಮೊದಲ ಐದು ದಿನಗಳಲ್ಲಿ ರಕ್ತದಲ್ಲಿ ವೈರಸ್ಸಿನ ಎನ್‌ಎಸ್ 1 ಎಂಬ ಪ್ರೋಟೀನನ್ನು ಹುಡುಕಬೇಕು. ಅನಂತರ ಅದು ಕಡಿಮೆಯಾಗುತ್ತ ಬರುತ್ತದೆ. ಆಗ ದೇಹವೇ ಸಿದ್ಧಪಡಿಸಿದ ಐಜಿಎಂ ಎಂಬ ಪ್ರತಿಕಾಯವನ್ನು ಹುಡುಕಬೇಕು. ದಿನ ತಪ್ಪಿದರೆ ಪರೀಕ್ಷೆಯೂ ತಪ್ಪುತ್ತದೆ.

ಬಳಿಚಕ್ರದ ರೈತನೊಬ್ಬನಿಗೆ ಮಳೆಗಾಲದಲ್ಲಿ ಜ್ವರ ಬಂದಿತೆಂದು ಇಟ್ಟುಕೊಳ್ಳೋಣ. ತೊಗರಿಯ ಹೊಲದ ಕೆಲಸ ಬಿಟ್ಟು ಅವನು ದವಾಖಾನೆಗೆ ಬರುವುದು ಮೂರನೆಯ ದಿನವೋ ನಾಲ್ಕನೆಯ ದಿನವೋ. ಬಂದೊಡನೆ ಕೇಳುವ ಮಾತು, “ಡಾಕ್ಟರ್ ಸಾಹೇಬ್ರ, ಒಂದು ಸೂಜಿ ಹಾಕ್ರಿ” ಎಂದು. ಮೊದಲ ದಿನಗಳಲ್ಲಿ ಡೆಂಗೀ, ಮಲೇರಿಯಾ, ಟೈಫಾಯ್ಡು ಮೂರೂ ಒಂದೇ ತೆರನಾಗಿ ಕಾಣಿಸಬಹುದು. ಆದರೆ ಮಲೇರಿಯಾ ಪರೋಪಜೀವಿಯಿಂದ, ಟೈಫಾಯ್ಡು ಬ್ಯಾಕ್ಟೀರಿಯಾದಿಂದ ಬರುವಂಥವು. ಎರಡಕ್ಕೂ ಗುಣಪಡಿಸುವ ಔಷಧವುಂಟು. ಡೆಂಗೀ ವೈರಸ್ಸನ್ನು ಕೊಲ್ಲುವ ಮಾತ್ರೆಯಿಲ್ಲ. ಆಂಟಿಬಯಾಟಿಕ್ ಯಾವ ವೈರಸ್ಸನ್ನೂ ಮುಟ್ಟಲಾರದು. ಆದುದರಿಂದ ಊರ ದವಾಖಾನೆಯ ಮೊದಲ ಕರ್ತವ್ಯ ವೈರಸ್ಸಿನ ಹೆಸರನ್ನು ಕಂಡುಹಿಡಿಯುವುದಲ್ಲ, ಔಷಧವಿರುವ ರೋಗವನ್ನು ಕೈಬಿಡದಿರುವುದು. ಬೆರಳು ಚುಚ್ಚಿ ತೆಗೆದ ಒಂದು ಹನಿ ರಕ್ತದ ಲೇಪನ ಇಲ್ಲಿ ದೊಡ್ಡ ಯಂತ್ರದಷ್ಟೇ ಉಪಕಾರಿ.

ಅದರ ಎರಡನೆಯ ಕರ್ತವ್ಯ, ಯಾರನ್ನು ಮನೆಗೆ ಕಳಿಸಬಹುದು, ಯಾರನ್ನು ಯಾದಗಿರಿಗೆ ಕಳಿಸಲೇಬೇಕು ಎಂಬುದನ್ನು ವಿಂಗಡಿಸುವುದು. ನಾಡಿ, ರಕ್ತದೊತ್ತಡ, ಉಸಿರಿನ ಎಣಿಕೆ, ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕ—ಇವು ಐದು ನಿಮಿಷದ ಕೆಲಸ, ವರದಿಗಾಗಿ ಕಾಯಬೇಕಾಗಿಲ್ಲ. ಡೆಂಗೀಯಲ್ಲಿ ಒಂದು ಮೋಸವಿದೆ. ಜ್ವರ ಇಳಿಯುವ ಹೊತ್ತೇ ಹಲವು ವೇಳೆ ಅಪಾಯದ ಹೊತ್ತು. ಜ್ವರ ಬಿಟ್ಟಿತೆಂದು ರೈತ ಹೊಲಕ್ಕೆ ಹೊರಡುವ ದಿನವೇ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಅತಿಯಾದ ನಿತ್ರಾಣ ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೈನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ನುಂಗಿದರೆ ರಕ್ತಸ್ರಾವದ ಭಯ ಹೆಚ್ಚುತ್ತದೆ.

ಪರೀಕ್ಷೆಗಾಗಿ ಕಾಯಲೇಬಾರದ ವೈರಸ್ಸೂ ಒಂದಿದೆ. ಅದು ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್. ಕಡಿಸಿಕೊಂಡವನ ಮೈಯಲ್ಲಿ ಲಕ್ಷಣ ತೋರುವ ಮುನ್ನ ಅದನ್ನು ಕಂಡುಹಿಡಿಯುವ ಪರೀಕ್ಷೆಯಿಲ್ಲ. ಲಕ್ಷಣ ತೋರಿದ ಮೇಲೆ ಬದುಕುವ ಆಸೆಯೇ ಇಲ್ಲವೆನ್ನಬೇಕು. ಗಾಯಕ್ಕೆ ಸುಣ್ಣ, ಖಾರದ ಪುಡಿ ಮೆತ್ತದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆ ಹಾಕಿಸಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನದಿಂದ ಎಣಿಸಿ 3, 7, 28ನೆಯ ದಿನಗಳಲ್ಲಿ ಉಳಿದ ಸೂಜಿಗಳು. ಆಳವಾದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಇಲ್ಲಿ ಜೀವ ಉಳಿಸುವುದು ಪರೀಕ್ಷಾಲಯವಲ್ಲ. ಹತ್ತಿರದ ದವಾಖಾನೆಯ ತಂಪು ಪೆಟ್ಟಿಗೆಯಲ್ಲಿರುವ ಲಸಿಕೆ.

1946ರ ಭೋರ್ ಸಮಿತಿ ಗ್ರಾಮಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬೇಕೆಂದು ಸೂಚಿಸಿತು. 1952ರಿಂದ ಅವು ನಮ್ಮ ದೇಶದಲ್ಲಿ ಏರ್ಪಟ್ಟವು. ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ ಎಂಬುದು ಗೊತ್ತುಮಾಡಿದ ಅಳತೆ. ಹೆರಿಗೆ, ಮಕ್ಕಳ ಚುಚ್ಚುಮದ್ದು, ಗಾಯಕ್ಕೆ ಕಟ್ಟು, ಸಕ್ಕರೆ-ರಕ್ತದೊತ್ತಡದ ತಪಾಸಣೆ ಇವೇ ಅದರ ನಿತ್ಯದ ಕೆಲಸ. ಇವುಗಳಲ್ಲಿ ಸುದ್ದಿಯಾಗುವಂಥದೇನೂ ಇಲ್ಲ. ಆದರೆ 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ನಮ್ಮ ಜಿಲ್ಲೆಯ ಕೂಲಿಕಾರರು ಗುಂಪುಗುಂಪಾಗಿ ಊರಿಗೆ ಮರಳಿದಾಗ, ಮನೆಮನೆಯ ಲೆಕ್ಕವಿಟ್ಟು ಜ್ವರ ವಿಚಾರಿಸಲು ಬಂದವರು ಈ ನಿತ್ಯದ ಕೆಲಸದವರೇ. ದಿನವೂ ಬಾಗಿಲು ತೆರೆದಿರುವ ದವಾಖಾನೆಯಷ್ಟೇ ಆಪತ್ಕಾಲದಲ್ಲಿಯೂ ಉಪಯೋಗಕ್ಕೆ ಬಂದೀತು.

ಇದರಲ್ಲಿ ವಿದ್ಯಾರ್ಥಿಗಳ ಪಾಲೇನು? ನಮ್ಮಲ್ಲಿ ಅನೇಕರ ಮನೆಗಳಲ್ಲಿ ದವಾಖಾನೆಯ ಚೀಟಿಯನ್ನು ಓದಬಲ್ಲವರು ನಾವೇ. ಅಪ್ಪ, ಅವ್ವ, ಅಜ್ಜಿ ವರದಿಯನ್ನು ನಮ್ಮ ಕೈಗೆ ಕೊಟ್ಟು “ಏನ್ ಬರದಾರ ನೋಡು” ಎನ್ನುತ್ತಾರೆ. ಆಗ ನಾವು ಪಾಸು-ಫೇಲು ಹೇಳಿ ಸುಮ್ಮನಾಗಬಾರದು. ಜ್ವರ ಹುಟ್ಟಿದ ದಿನವನ್ನು ಚೀಟಿಯ ಮೇಲೆ ಬರೆದಿಡುವುದು, ಪರೀಕ್ಷೆ ಎಷ್ಟನೆಯ ದಿನದ್ದೆಂದು ವೈದ್ಯರಿಗೆ ತಿಳಿಸುವುದು, ನೆಗೆಟಿವ್ ಬಂದರೂ ರೋಗಿಯ ಮುಖ ನೋಡುತ್ತಿರುವುದು—ಇಷ್ಟಕ್ಕೆ ಖರ್ಚಿಲ್ಲ, ಪದವಿಯೂ ಬೇಡ. ಕಾಗದ ಏನೇ ಹೇಳಲಿ, ಕೊನೆಗೆ ನೋಡಬೇಕಾದದ್ದು ಹಾಸಿಗೆಯ ಮೇಲಿರುವ ಮನುಷ್ಯನನ್ನು.